ಗೌರಿ ಹೂವನ್ನು ಮನೆಗೆ ತರುವ ಮೊದಲು ಬೆಕ್ಕನ್ನು ನೆನೆಯಿರಿ

ಮಳೆ ಹಿಡಿಯಿತೆಂದರೆ ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಧಾಮದ ಕುರುಚಲು ಕಾಡಿನಲ್ಲಿ ಗೌರಿ ಹೂವು ಪೊದೆಗಳ ಮೇಲೇರಿ ಅರಳುತ್ತದೆ. ಹಬ್ಬದ ಹೊತ್ತಿಗೆ ಯಾರಾದರೊಬ್ಬರು ಬಳ್ಳಿಯನ್ನು ಗೆಡ್ಡೆ ಸಮೇತ ತಂದು, ‘ಅಣ್ಣಾ, ಇದಕ್ಕೊಂದು ಕುಂಡ ಕೊಡಿ’ ಎಂದು ನನ್ನ ನರ್ಸರಿಗೆ ಬರುತ್ತಾರೆ. ವನ್ಯಜೀವಿಧಾಮದಿಂದ ಗಿಡ ಕೀಳುವುದೇ ಅಪರಾಧ, ಅದು ಬೇರೆ ಮಾತು. ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳುತ್ತೇನೆ. ಇದೆ ಎಂದರೆ ಕುಂಡ ಕೊಡುವುದಿಲ್ಲ, ಈ ಬಳ್ಳಿ ಬೆಕ್ಕಿಗೆ ವಿಷ. ವ್ಯಾಪಾರ ಹೋದರೆ ಹೋಗಲಿ.

ಗುರುತು ಸುಲಭ. ಆರು ದಳಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತಿರುತ್ತವೆ, ಅಂಚು ಅಲೆಅಲೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿಯುತ್ತದೆ. ಅಪಾಯಕ್ಕೆ ಆಹ್ವಾನ ಈ ಸುರುಳಿಯೇ. ನಮ್ಮ ನರ್ಸರಿಯ ಬೆಕ್ಕಿಗೆ ಶಾನುಭೋಗ ಎಂದು ಹೆಸರು, ಬಿಲ್ ಪುಸ್ತಕದ ಮೇಲೇ ಮಲಗುತ್ತದೆ. ಶಂಖಪುಷ್ಪದ ಬಳ್ಳಿಯ ತುದಿ ಗಾಳಿಗೆ ಅಲ್ಲಾಡಿದರೆ ಸಾಕು, ಎದ್ದು ಬಂದು ಪಂಜದಿಂದ ಎಳೆದು ಕಚ್ಚುತ್ತದೆ. ಅಲ್ಲಿ ಗೌರಿ ಹೂವಿನ ಬಳ್ಳಿಯಿದ್ದರೂ ಅದು ಬಿಡುತ್ತಿರಲಿಲ್ಲ.

ಗಿಡದ ಎಲ್ಲ ಭಾಗಗಳಲ್ಲೂ ಕೋಲ್ಚಿಸಿನ್ ಎಂಬ ವಿಷವಿದೆ. ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ‘ಇದು ಔಷಧಿ ಗಿಡವಲ್ಲವೇ?’ ಎಂದು ಕೆಲವರು ವಾದಿಸುತ್ತಾರೆ. ಹೌದು, ತಮಿಳುನಾಡಿನ ರೈತರು ಬೀಜಕ್ಕಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ, ಗೌಟ್ ಎಂಬ ಕೀಲುನೋವಿನ ರೋಗದ ಮಾತ್ರೆಗೆ ಬೇಕಾದ ಕೋಲ್ಚಿಸಿನ್ ಅದರಿಂದ ಸಿಗುತ್ತದೆ. ಆದರೆ ಆ ಮಾತ್ರೆಯಲ್ಲಿರುವ ಕೋಲ್ಚಿಸಿನ್ ಮಿಲಿಗ್ರಾಂ ಲೆಕ್ಕದ್ದು. ಬೆಕ್ಕು ಅಳೆದು ತಿನ್ನುವುದಿಲ್ಲ.

ತಿಂದಿತೆಂಬ ಅನುಮಾನ ಬಂದರೂ ವಾಂತಿಯಾಗಲಿ ಎಂದು ಕಾಯಬೇಡಿ. ಬಾಯಲ್ಲಿ ಉಳಿದ ಚೂರನ್ನು ತೆಗೆಯಿರಿ. ಮೈಗೆ ಪರಾಗ ಅಂಟಿದ್ದರೆ ನೆಕ್ಕಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿ. ಉಪ್ಪುನೀರು, ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿ. ಬಳ್ಳಿಯ ತುಂಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ತಿಂದ ಹೊತ್ತು ಗುರುತಿಟ್ಟುಕೊಂಡು, ನೇರ ಪಶುವೈದ್ಯರ ಬಳಿಗೆ ಹೋಗಿ ‘ಕೋಲ್ಚಿಸಿನ್’ ಎಂದೇ ಹೇಳಿ. ಜೊಲ್ಲು, ವಾಂತಿ, ರಕ್ತಭೇದಿ ಮೊದಲು ಕಾಣಿಸುತ್ತವೆ. ಈ ವಿಷ ಜೀವಕೋಶಗಳು ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಆದ್ದರಿಂದ ಕೋಶಗಳು ಬೇಗಬೇಗ ಹುಟ್ಟುವ ಕಡೆ ಪೆಟ್ಟು ಜೋರು: ಮೊದಲು ಕರುಳು, ದಿನಗಳು ಕಳೆದಂತೆ ಮೂಳೆಯೊಳಗಿನ ಮಜ್ಜೆ ಹಾಳಾಗುತ್ತದೆ. ಮೂತ್ರಪಿಂಡ, ಯಕೃತ್ತಿಗೂ ಅಪಾಯ. ವಾಂತಿ ನಿಂತಿತು, ಗುಣವಾಯಿತು ಎಂದು ಮನೆಗೆ ಕರೆತರಬೇಡಿ. ರಕ್ತಪರೀಕ್ಷೆ ಮತ್ತೆ ಬೇಕೇ ಎಂದು ವೈದ್ಯರನ್ನು ಕೇಳಿ.

ಪೂಜೆಗೆ ಹೂವು ಬೇಕೇ ಬೇಕಾದರೆ ಹೂವನ್ನಷ್ಟೇ ತಂದು ಬಾಗಿಲು ಹಾಕಿದ ದೇವರ ಕೋಣೆಯಲ್ಲಿಡಿ. ಬಾಡಿದ್ದನ್ನು ಹಿತ್ತಲಿಗೆ ಎಸೆಯದೆ ಮುಚ್ಚಳದ ಡಬ್ಬಿಗೆ ಹಾಕಿ. ಕಣಗಿಲೆ, ಉಮ್ಮತ್ತಿಯೂ ಬೆಕ್ಕಿರುವ ಮನೆಗೆ ಬೇಡ. ಹೂವಿನಂಗಡಿಯ ಲಿಲ್ಲಿ ಇನ್ನೂ ಕೆಟ್ಟದ್ದು, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ಗುಲಾಬಿ, ಮಲ್ಲಿಗೆಗೆ ಹೆದರಬೇಕಿಲ್ಲ.

ಬೆಕ್ಕಿಗೆ ಹಸಿರು ಕಡಿಯುವ ಚಟ ಸಹಜ. ಅದಕ್ಕೆಂದೇ ಅಗಲ ಬಾಯಿಯ ಕುಂಡದಲ್ಲಿ ಗೋಧಿ ಬಿತ್ತಿ. ಜೋಳ ಬೇಡ. ಎಳೆ ಜೋಳದ ಪೈರಿನಲ್ಲಿ ಸಯನೈಡ್ ಹುಟ್ಟುತ್ತದೆ, ದನ ಮೇಯಿಸುವ ನಮ್ಮ ಕಡೆಯ ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಗೋಧಿ ಒಂದು ಗೇಣು ಬೆಳೆದ ಮೇಲೆ ಕುಂಡವನ್ನು ಬೆಕ್ಕಿನ ಮುಂದಿಡಿ.