ಸಿಒಪಿಡಿ: ವಾರ್ಡಿನಿಂದ ಲೈನ್ ಮನೆಗೆ ಬಂದ ಮೇಲೆ

ಸಿಒಪಿಡಿ ಎಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ರೋಗಿ ಡಿಸ್ಚಾರ್ಜ್ ಆಗಿ ಲೈನ್ ಮನೆಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗೆ, ಬಂದ ವಾರದೊಳಗೆ ಆಶಾ ಕಾರ್ಯಕರ್ತೆಯೋ ಸಮುದಾಯ ಆರೋಗ್ಯ ಅಧಿಕಾರಿಯೋ ರೋಗಿಯ ಮನೆಗೆ ಹೋಗಬೇಕು. ಚೀಟಿ ಆಮೇಲೆ ನೋಡಿದರಾಯಿತು, ಮೊದಲು “ಔಷಧಿ ಎಳೆದು ತೋರಿಸಿ” ಅನ್ನಿ. ಹೆಚ್ಚಿನ ಎಡವಟ್ಟು ಅಲ್ಲೇ ಸಿಗುತ್ತದೆ.

ಪಂಪ್ ಇನ್‌ಹೇಲರ್ ಆದರೆ ಕುಲುಕಿ, ಔಷಧಿ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್‌ಗೆ ಸಿಕ್ಕಿಸಬೇಕು. ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒಂದೇ ಸಲ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದು 10 ಸೆಕೆಂಡ್ ತಡೆಹಿಡಿಯಬೇಕು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರವಿದ್ಯುತ್ ಹುಟ್ಟಿ, ಔಷಧಿ ಅದರ ಒಳಮೈಗೇ ಅಂಟುತ್ತದೆ.

ಇನ್‌ಹೇಲರ್‌ಗೆ ಹಾಕಿ ಎಳೆಯಬೇಕಾದ ಪುಡಿ ಕ್ಯಾಪ್ಸೂಲನ್ನು ಮಾತ್ರೆಯಂತೆ ನುಂಗುವವರೂ ಇದ್ದಾರೆ, ಕೇಳಿ ನೋಡಿ. ಇದನ್ನು ಜೋರಾಗಿ ಎಳೆಯಬೇಕು. ಕೊಡಗಿನ ಮಳೆಗಾಲದ ಥಂಡಿಗೆ ಪುಡಿ ಗಂಟು ಕಟ್ಟುತ್ತದೆ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಎಳೆಯುವ ಹೊತ್ತಿಗೆ ಒಣ ಕೈಯಲ್ಲಿ ಒಂದನ್ನೇ ತೆಗೆಯಲಿ. ಎಳೆದ ಔಷಧಿಯಲ್ಲಿ ಸ್ಟೀರಾಯ್ಡ್ ಇದ್ದು, ಆಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು.

ಬೀಡಿಯನ್ನು ಎಲ್ಲರೂ ಕೇಳುತ್ತಾರೆ, ಬಚ್ಚಲ ಒಲೆಯನ್ನು ಯಾರೂ ಕೇಳುವುದಿಲ್ಲ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಹಸಿ ಸೌದೆಯೇ ಉರಿಯುತ್ತಿರುತ್ತದೆ. ಚಳಿ ಕಾಯಿಸಲು ಅದರ ಮುಂದೆ ಕೂರುವುದೂ ರೋಗಿಯೇ. ಸೌದೆ ಒಣಗಿಸಿಡಿ, ನೀರು ಕಾಯಿಸುವ ಕೆಲಸ ಬೇರೆಯವರಿಗೆ ಕೊಡಿ.

ಆಕ್ಸಿಮೀಟರ್ ಹಾಕುವ ಮುನ್ನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ತೆಗೆಯಿರಿ. ತಣ್ಣನೆಯ ಬೆರಳು ಸುಳ್ಳು ಹೇಳುತ್ತದೆ. ಆಕ್ಸಿಜನ್ ಮೇಲಿರುವ ಸಿಒಪಿಡಿ ರೋಗಿಗೆ ರಕ್ತದ ಆಕ್ಸಿಜನ್ ಮಟ್ಟದ ಸಾಮಾನ್ಯ ಗುರಿ ಶೇ 88ರಿಂದ 92. 98 ಕಾಣಲೆಂದು ಲೀಟರ್ ಏರಿಸಬೇಡಿ: ಕೆಲವರಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತಲೆನೋವು, ಮಂಪರು ಶುರುವಾಗುತ್ತದೆ. ದೀರ್ಘಕಾಲದ ಆಕ್ಸಿಜನ್ ಬರೆದಿದ್ದರೆ ದಿನಕ್ಕೆ 15 ಗಂಟೆಯಾದರೂ ಹಾಕಬೇಕು. ಮರ ಬಿದ್ದು ಕರೆಂಟ್ ಹೋದರೆ ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರ ನಿಂತೇಬಿಡುತ್ತದೆ. ಜೂನ್‌ಗೆ ಮುಂಚೆಯೇ ಬಿ ಟೈಪ್ ಸಿಲಿಂಡರ್ ತುಂಬಿಸಿಡಿ. ಸುಮಾರು 1500 ಲೀಟರ್ ಹಿಡಿಯುತ್ತದೆ, ನಿಮಿಷಕ್ಕೆ 2 ಲೀಟರ್‌ನಂತೆ 12 ಗಂಟೆಗೆ ಸಾಕು. ಒಲೆ, ಬೀಡಿ, ದೀಪ ಅದರ ಹತ್ತಿರ ಬೇಡ.

ಏದುಸಿರು ಹೆಚ್ಚಿ, ಕಫ ಜಾಸ್ತಿಯಾಗಿ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಮುಗಿಸಲಾಗದಿದ್ದರೆ, ಮಂಪರು ಕವಿದರೆ 108. ತೋಟದೊಳಗೆ ನೆಟ್‌ವರ್ಕ್ ಸಿಗದ ಕಡೆ ಯಾರ ಜೀಪು, ಯಾರು ಓಡಿಸುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಮಾತಾಡಿ ಚೀಟಿಯ ಹಿಂದೆ ಬರೆದಿಡಿ.