ಮೊದಲು ಬಾವಿ, ಆಮೇಲೆ ಮೀನು

ಅಕ್ವೇರಿಯಂ ಇಡುವ ಮನಸ್ಸಾದರೆ ಅಂಗಡಿಗೆ ಹೊರಡುವ ಮೊದಲು ಒಂದು ಬಾಲ್ದಿಯಲ್ಲಿ ನಿಮ್ಮ ಮನೆಯ ನೀರು ತುಂಬಿಸಿಡಿ. ಯಾವ ಮೀನು ಯಾವುದರ ಜೊತೆ ಹೊಂದುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆ ಮೀನು ತಮ್ಮ ಮನೆಯ ನೀರಿಗೆ ಹೊಂದುತ್ತದೆಯೇ ಎಂದು ಕೇಳುವವರು ಅಪರೂಪ. ಮಂಗಳೂರು, ಉಡುಪಿಯಂಥ ಊರಿನಲ್ಲಿ ಈ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು. ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೊಂಪಾಗಿ ಬೆಳೆಯುವ ಗಪ್ಪಿ ಇಲ್ಲಿಯ ಬಾವಿ ನೀರಿನಲ್ಲಿ ಸೊರಗುತ್ತದೆ. ಅಲ್ಲಿ ಒದ್ದಾಡುವ ಟೆಟ್ರಾ ಇಲ್ಲಿ ಮೈಬಣ್ಣ ತುಂಬಿಕೊಳ್ಳುತ್ತದೆ.

ನಿಮ್ಮದು ಯಾವ ನೀರು?

ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ತೋಡಿದ ಬಾವಿಯದ್ದು ಮೆದು ನೀರು. ಸಾಬೂನು ಕೂಡಲೇ ನೊರೆಯುತ್ತದೆ, ಎಷ್ಟು ತೊಳೆದರೂ ಕೈಯ ಜಾರು ಬೇಗ ಹೋಗುವುದಿಲ್ಲ. ಸುಣ್ಣದ ಅಂಶ ಕಡಿಮೆ, ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಕೆಳಗೆ, ಅಂದರೆ ತುಸು ಆಮ್ಲೀಯ. ನಳ್ಳಿ ನೀರಿನವರದ್ದು ನದಿ ನೀರು: ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ನೇತ್ರಾವತಿ, ಉಡುಪಿಗೆ ಬಜೆ ಅಣೆಕಟ್ಟಿನಿಂದ ಸ್ವರ್ಣಾ. ಅದೂ ಮೆದುವೇ, ಆದರೆ ಕ್ಲೋರಿನ್ ಬೆರೆತಿರುತ್ತದೆ. ಇನ್ನು ಉಳ್ಳಾಲ, ಮಲ್ಪೆಯಂಥ ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ಏರುವುದುಂಟು.

ಪಿಎಚ್ ನೋಡುವ ಹನಿ ಔಷಧಿಯ ಚಿಕ್ಕ ಕಿಟ್ ಅಕ್ವೇರಿಯಂ ಅಂಗಡಿಯಲ್ಲೇ ಸಿಗುತ್ತದೆ. ಆಗಷ್ಟೇ ಸೇದಿದ ಬಾವಿ ನೀರನ್ನು ಪರೀಕ್ಷಿಸಬೇಡಿ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿರುವುದರಿಂದ ಅಳತೆ ಇರುವುದಕ್ಕಿಂತ ಕೆಳಗೆ ತೋರಿಸುತ್ತದೆ. ಬಾಲ್ದಿಯನ್ನು ಒಂದು ರಾತ್ರಿ ತೆರೆದಿಟ್ಟು, ಆಗಾಗ ಕದಡಿ, ಬೆಳಗ್ಗೆ ನೋಡಿದರೆ ನಿಜ ಗೊತ್ತಾಗುತ್ತದೆ.

ನೀರಿಗೆ ತಕ್ಕ ಮೀನು

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಹೊಸಬರು ಇದಕ್ಕಿಂತ ಚಿಕ್ಕದಕ್ಕೆ ಹೋಗಬಾರದು. ಮೇಜಿನ ಮೇಲಿಡುವ ದುಂಡು ಗಾಜಿನ ಬೋಗುಣಿಯಂತೂ ಮೀನಿಗೆ ಶಿಕ್ಷೆ. ನೀರು ಕಡಿಮೆ ಇದ್ದಷ್ಟೂ ಕೊಳೆ ಬೇಗ ಏರುತ್ತದೆ, ಬಿಸಿಯೂ ಬೇಗ ಏರುತ್ತದೆ.

ಮೆದು ನೀರಿನ ಮನೆಯವರಿಗೆ ಈ ಅಳತೆಯಲ್ಲಿ ನನ್ನ ಆಯ್ಕೆ ಎಂಟು ಹಾರ್ಲೆಕ್ವಿನ್ ರಸ್ಬೋರಾ, ಜೊತೆಗೆ ಒಂದು ಜೋಡಿ ಹನಿ ಗೌರಾಮಿ. ರಸ್ಬೋರಾ ನಡುನೀರಿನಲ್ಲಿ ಗುಂಪಾಗಿ ಓಡಾಡುತ್ತದೆ, ಗೌರಾಮಿ ಮೇಲ್ಗಡೆ ನಿಧಾನವಾಗಿ ಸುತ್ತುತ್ತದೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಟೆಟ್ರಾ ಬೇಕೆನ್ನುವವರು ನಿಯಾನ್ ಬಿಟ್ಟು ಕಾರ್ಡಿನಲ್ ತೆಗೆದುಕೊಳ್ಳಿ. ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ನಿಯಾನ್‌ಗೆ 26 ಡಿಗ್ರಿ ದಾಟಿದರೆ ಕಷ್ಟ, ಕಾರ್ಡಿನಲ್ 29ರವರೆಗೂ ತಾಳುತ್ತದೆ. ಹೀಟರ್ ಇಲ್ಲದೆಯೇ ನಮ್ಮ ಊರಿನ ಟ್ಯಾಂಕಿನ ನೀರು ವರ್ಷದ ಬಹುಪಾಲು 27, 28ರ ಆಸುಪಾಸಿನಲ್ಲಿರುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದ್ದರೆ ನಾಲ್ಕು ಏಂಜೆಲ್, ತಳದಲ್ಲಿ ಆರು ಕೋರಿಡೋರಾಸ್ ಚಂದ. ಕೋರಿಡೋರಾಸ್‌ನಲ್ಲೂ ಸ್ಟರ್ಬಾಯ್ ಎಂಬ ಬಗೆ ಸೆಕೆ ತಡೆಯುತ್ತದೆ.

ಗಪ್ಪಿ, ಪ್ಲಾಟಿ, ಮೋಲಿ ಮರಿ ಹಾಕುವ ಮೀನುಗಳು. ಅವಕ್ಕೆ ಗಡಸು ನೀರು ಬೇಕು. ಮುರಕಲ್ಲಿನ ಬಾವಿಯ ನೀರಿಗೆ ಬಿಟ್ಟ ಮೋಲಿ ಕೆಲವೇ ದಿನಗಳಲ್ಲಿ ಇದ್ದಲ್ಲೇ ಮೈ ನಡುಗಿಸುತ್ತ ನಿಲ್ಲುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಅದೇ ಮೋಲಿ ಕಡಲ ಬದಿಯ ಸವುಳು ಬಾವಿಯಲ್ಲಿ ಹಾಯಾಗಿರುತ್ತದೆ. ಮೆದು ನೀರಿನವರಿಗೂ ಗಪ್ಪಿಯೇ ಬೇಕೆಂದು ಮಕ್ಕಳು ಹಟ ಹಿಡಿದರೆ ಉಪಾಯ ಅಡುಗೆಮನೆಯಲ್ಲೇ ಇದೆ. ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಎಸೆಯದೆ, ಮಾಂಸದ ಚೂರು ಉಳಿಯದಂತೆ ಉಜ್ಜಿ, ಕುದಿಸಿ, ಬಿಸಿಲಿಗೆ ಒಣಗಿಸಿ. ಒಂದು ಹಿಡಿ ಚಿಪ್ಪನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಟ್ಟರೆ ಸುಣ್ಣ ನಿಧಾನವಾಗಿ ಕರಗಿ ನೀರು ಗಡಸಾಗುತ್ತದೆ, ಪಿಎಚ್ ಏರುತ್ತದೆ. ವಾರಕ್ಕೊಮ್ಮೆ ಅಳೆಯಿರಿ, ಬೇಕಾದರೆ ಮಾತ್ರ ಇನ್ನಷ್ಟು ಸೇರಿಸಿ. ಗಪ್ಪಿಯಲ್ಲಿ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಗಂಡುಗಳೇ ಹೆಚ್ಚಾದರೆ ಹೆಣ್ಣುಮೀನುಗಳನ್ನು ಅಟ್ಟಿಸಿಕೊಂಡು ಹೋಗಿ ಹೈರಾಣ ಮಾಡುತ್ತವೆ.

ಜಗಳದ ಲೆಕ್ಕ ಹೀಗೆ. ಟೈಗರ್ ಬಾರ್ಬ್ ಉದ್ದ ರೆಕ್ಕೆಯ ಯಾವ ಮೀನನ್ನೂ ಬಿಡುವುದಿಲ್ಲ. ಗಪ್ಪಿ, ಏಂಜೆಲ್, ಗೌರಾಮಿಯ ರೆಕ್ಕೆ ಚಿಂದಿಯಾಗುತ್ತದೆ. ಏಂಜೆಲ್ ಮರಿಯಾಗಿದ್ದಾಗ ಟೆಟ್ರಾ ಜೊತೆ ಸ್ನೇಹದಿಂದಿದ್ದು, ಬೆಳೆದ ಮೇಲೆ ಅದನ್ನೇ ನುಂಗುತ್ತದೆ. ಗಂಡು ಫೈಟರ್ ಒಂದು ಟ್ಯಾಂಕಿಗೆ ಒಂದೇ. ಫ್ಲವರ್‌ಹಾರ್ನ್‌ಗೆ ಏಕಾಂತವೇ ಸರಿ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಜೊತೆಗೆ ವಿಪರೀತ ಹೊಲಸು ಮಾಡುತ್ತದೆ. ಎಲ್ಲರ ಮನೆಯಲ್ಲೂ ಇದೆ ಎಂಬ ಕಾರಣಕ್ಕೆ ಕರಾವಳಿಯ ಸೆಕೆಯಲ್ಲಿ ಅದನ್ನು ಸಾಕುವುದು ನನಗೆ ಒಪ್ಪಿಗೆಯಿಲ್ಲ.

ಅಂಗಡಿಯಲ್ಲಿ ಬೆರಳುದ್ದ ಇರುವಾಗ ಮಾರುವ ಕೆಲವು ಮೀನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಾಜು ನೆಕ್ಕುವ ‘ಟ್ಯಾಂಕ್ ಕ್ಲೀನರ್’ ಒಂದಡಿ ಮೀರಿ ಬೆಳೆಯುತ್ತದೆ. ಆಸ್ಕರ್ ಒಂದಡಿ. ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಒಂದು ಮೀಟರ್ ದಾಟಬಲ್ಲ ನದಿಮೀನು. ಪಶ್ಚಿಮಘಟ್ಟದ್ದೇ ಆದ ಮಿಸ್ ಕೇರಳ ಅಳಿವಿನ ಅಂಚಿನ ಪಟ್ಟಿಯಲ್ಲಿದೆ; ಕನಿಷ್ಠ ನಾಲ್ಕಡಿಯ ಟ್ಯಾಂಕ್ ಇದ್ದು, ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿ ಸಿಕ್ಕಿದರೆ ಮಾತ್ರ ಕೊಳ್ಳಿ.

ಜಾಗ, ಮರಳು, ಗಾಳಿ

ಎರಡಡಿಯ ಟ್ಯಾಂಕ್ ನೀರು, ಕಲ್ಲು, ಗಾಜು ಎಲ್ಲ ಸೇರಿ 75 ಕಿಲೋದಷ್ಟು ತೂಗುತ್ತದೆ. ಟಿವಿ ಸ್ಟ್ಯಾಂಡ್ ಇದಕ್ಕೆ ಹೇಳಿಸಿದ್ದಲ್ಲ. ಗಟ್ಟಿ ಮೇಜು ಅಥವಾ ಕಲ್ಲಿನ ಕಟ್ಟೆ ಇರಲಿ, ರಸಮಟ್ಟ ಇಟ್ಟು ನೋಡಿ, ಗಾಜಿನಡಿಗೆ ತೆಳು ಥರ್ಮಾಕೋಲ್ ಹಾಸಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ, ವಾರದಲ್ಲಿ ಗಾಜು ಪಾಚಿಗಟ್ಟುತ್ತದೆ.

ಕಡಲ ಮರಳು ಮನೆ ಬಾಗಿಲಲ್ಲೇ ಇದ್ದರೂ ತರಬೇಡಿ. ಅದರಲ್ಲಿ ಉಪ್ಪೂ ಚಿಪ್ಪಿನ ಪುಡಿಯೂ ಸೇರಿರುತ್ತದೆ. ಮೆದು ನೀರು ಬಯಸುವ ಮೀನಿಗೆ ಎರಡೂ ಆಗದು. ಅಂಗಡಿಯಲ್ಲಿ ಸಿಗುವ ಸಣ್ಣ ಹರಳು ಅಥವಾ ಹೊಳೆ ಮರಳನ್ನು ಮೇಲಿನ ನೀರು ತಿಳಿಯಾಗುವವರೆಗೆ ತೊಳೆದು ಎರಡಿಂಚು ಹಾಸಿ. ಕೋರಿಡೋರಾಸ್ ಇದ್ದರೆ ನಯವಾದ ಮರಳೇ ಬೇಕು, ಚೂಪು ಹರಳು ಅದರ ಮೀಸೆಯನ್ನು ಸವೆಸುತ್ತದೆ.

ಈ ಅಳತೆಗೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜು ಫಿಲ್ಟರ್ ಧಾರಾಳ ಸಾಕು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಇಲ್ಲವೇ ಕೊಳವೆಗೆ ಹಿಮ್ಮುಖ ತಡೆಯುವ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ನೆಲಕ್ಕೆ ಹರಿಯುತ್ತದೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯುವುದು ಅಭ್ಯಾಸವಾಗಲಿ.

ಗಿಡಕ್ಕೆ ಜಾವಾ ಫರ್ನ್, ಅನೂಬಿಯಾಸ್, ವ್ಯಾಲಿಸ್ನೇರಿಯಾ ಸುಲಭ. ಕೆರೆಯಿಂದ ಕಿತ್ತು ತಂದರೆ ಬಸವನಹುಳ, ಜಿಗಣೆ ಜೊತೆಗೇ ಬರುತ್ತವೆ. ಗೌರಾಮಿ, ಫೈಟರ್ ಸಾಕುವವರು ಕಾಡುಬಾದಾಮಿಯ ಮರದಡಿ ಬಿದ್ದ ಒಣ ಎಲೆಯನ್ನು ತೊಳೆದು ಒಂದನ್ನು ಹಾಕಬಹುದು. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಮೀನುಗಳಿಗೆ ಅದರಿಂದ ತೊಂದರೆಯಿಲ್ಲ.

ಮೀನಿಲ್ಲದ ಒಂದು ತಿಂಗಳು

ತಾಳ್ಮೆ ಕೆಡುವುದು ಇಲ್ಲೇ. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಇದನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಂಜು, ಮರಳಿನಲ್ಲಿ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನಲ್ಲಿ ಮೊದಲ ವಾರಗಳಲ್ಲೇ ಮೀನು ಸಾಯುವುದಕ್ಕೆ ಬಹುಪಾಲು ಇದೇ ಕಾರಣ.

ಹೀಗೆ ಮಾಡಿ. ಟ್ಯಾಂಕ್ ತುಂಬಿಸಿ ಫಿಲ್ಟರ್ ಹಾಕಿ. ನಳ್ಳಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಅಥವಾ ಬಾಲ್ದಿಗಳಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಸುರಿಯಿರಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಅದು ಕೊಳೆತು ಅಮೋನಿಯಾ ಕೊಡುತ್ತದೆ. ಪರಿಚಯದವರ ಆರೋಗ್ಯವಾದ ಟ್ಯಾಂಕಿನ ಹಳೆ ಸ್ಪಂಜಿನ ತುಂಡು ಸಿಕ್ಕಿದರೆ ಕೆಲಸ ಅರ್ಧದಷ್ಟು ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬಂದು ನಿಂತ ಮೇಲೆ ಮೀನು ತನ್ನಿ. ಪಿಎಚ್ 6ರ ಹತ್ತಿರಕ್ಕೆ ಇಳಿದರೆ ಈ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನವಾಗುತ್ತದೆ. ಹಾಗಾಗಿ ತುಂಬ ಮೆದು ಬಾವಿ ನೀರಿನವರು ಟೆಟ್ರಾ ಸಾಕುವುದಾದರೂ ಮೂರು ನಾಲ್ಕು ಮರುವಾಯಿ ಚಿಪ್ಪು ಹಾಕಿಡುವುದು ಒಳ್ಳೆಯದು.

ತಂದು ಬಿಡುವುದು

ಬಂಗುಡೆಯ ಕಿವಿರು ಎತ್ತಿ, ಕಣ್ಣು ನೋಡಿ ತಾಜಾ ಹೌದೋ ಅಲ್ಲವೋ ಹೇಳುವ ನಮ್ಮ ಜನ ಜೀವಂತ ಮೀನು ಕೊಳ್ಳುವಾಗ ಮಾತ್ರ ಬಣ್ಣಕ್ಕೆ ಮರುಳಾಗುತ್ತಾರೆ. ರೆಕ್ಕೆ ಮುದುಡಿಕೊಂಡಿದ್ದರೆ, ಮೈಮೇಲೆ ಬಿಳಿ ಚುಕ್ಕಿ ಇದ್ದರೆ, ಅದೇ ಟ್ಯಾಂಕಿನಲ್ಲಿ ಸತ್ತ ಮೀನು ಬಿದ್ದಿದ್ದರೆ ಕೊಳ್ಳಬೇಡಿ. ಮಾಲು ಬಂದ ದಿನವೇ ತರುವುದಕ್ಕಿಂತ ನಾಲ್ಕು ದಿನ ಬಿಟ್ಟು ಹೋಗಿ.

ಪೊಟ್ಟಣವನ್ನು ಹಾಗೇ ನೀರಿನ ಮೇಲೆ ಕಾಲು ಗಂಟೆ ತೇಲಿಸಿ. ಬಳಿಕ ಬಾಯಿ ಬಿಚ್ಚಿ, ಮುಂದಿನ ಅರ್ಧ ಗಂಟೆ ಸ್ವಲ್ಪಸ್ವಲ್ಪವೇ ಟ್ಯಾಂಕಿನ ನೀರು ಬೆರೆಸಿ. ಕೊನೆಗೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ, ಅಂಗಡಿಯ ನೀರು ಚೆಲ್ಲಿಬಿಡಿ. ಎಲ್ಲ ಮೀನು ಒಂದೇ ದಿನ ತರಬಾರದು. ಮೊದಲು ಅರ್ಧ, ಎರಡು ವಾರ ಬಿಟ್ಟು ಉಳಿದದ್ದು.

ಊಟ ಮತ್ತು ವಾರದ ಕೆಲಸ

ಶಿಶಿಲದ ಹೊಳೆಯಲ್ಲಿ ದೇವರ ಮೀನಿಗೆ ಮಂಡಕ್ಕಿ ಎರಚಿ ಬಂದ ಕೈಗೆ ಮನೆಯ ಟ್ಯಾಂಕಿನಲ್ಲಿ ಹಿಡಿತ ಇರುವುದಿಲ್ಲ. ಅಲ್ಲಿ ಹರಿಯುವ ಹೊಳೆ, ಇಲ್ಲಿ 55 ಲೀಟರ್. ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ವಾರಕ್ಕೊಂದು ಉಪವಾಸ ಒಳ್ಳೆಯದೇ. ಮೂರು ನಾಲ್ಕು ದಿನ ಮದುವೆಗೋ ಜಾತ್ರೆಗೋ ಹೋದರೆ ಬೆಳೆದ ಮೀನಿಗೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗುವುದೇ ಹೆಚ್ಚು ಅಪಾಯ. ಮಳೆಗಾಲದ ತೇವಕ್ಕೆ ಆಹಾರ ಬೂಷ್ಟು ಹಿಡಿಯುವುದರಿಂದ ಸಣ್ಣ ಪೊಟ್ಟಣವನ್ನೇ ಕೊಂಡು ಗಾಳಿಯಾಡದ ಡಬ್ಬಿಯಲ್ಲಿಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಪೈಪಿನಿಂದ, ತಳದ ಕೊಳೆ ಸಮೇತ ಎಳೆದು ತೆಗೆಯಿರಿ. ಪೂರ್ತಿ ಖಾಲಿ ಮಾಡಿ ತೊಳೆಯುವ ಪದ್ಧತಿ ಬೇಡವೇ ಬೇಡ. ಸ್ಪಂಜನ್ನು ಈ ಹೊರತೆಗೆದ ನೀರಿನಲ್ಲೇ ಹಿಂಡಿ. ನಳ್ಳಿಯಡಿ ಹಿಡಿದರೆ ತಿಂಗಳಿಡೀ ಬೆಳೆಸಿದ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಕೊಂದುಹಾಕುತ್ತದೆ. ಆ ಕೊಳೆ ನೀರು ಅಂಗಳದ ಮಲ್ಲಿಗೆಗೆ ಒಳ್ಳೆಯ ಗೊಬ್ಬರ, ಉಪ್ಪು ಹಾಕಿದ ನೀರಾಗಿರದಿದ್ದರೆ.

ಮಳೆ, ಸೆಕೆ, ಸೊಳ್ಳೆ

ಜೂನ್‌ನಲ್ಲಿ ಮಳೆ ಹಿಡಿದು ನೀರು ಒಮ್ಮೆಗೇ ತಣ್ಣಗಾದಾಗ ಬಿಳಿ ಚುಕ್ಕಿ ರೋಗ ಬರುತ್ತದೆ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಕಾಣುವ ಇದು ಪರಾವಲಂಬಿ ಜೀವಿ. ಆಗ ಹೀಟರ್ ಉಪಯೋಗಕ್ಕೆ ಬರುತ್ತದೆ. ಎರಡು ದಿನಗಳಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಹತ್ತು ದಿನ ಹಾಗೇ ಇಡಿ, ಗಾಳಿ ಹೆಚ್ಚಿಸಿ, ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪು ಕರಗಿಸಿ ಎರಡು ಮೂರು ಕಂತಿನಲ್ಲಿ ಹಾಕಿ. ಕೋರಿಡೋರಾಸ್ ಇದ್ದರೆ ಉಪ್ಪು ಬಿಟ್ಟು ಬಿಸಿಯನ್ನಷ್ಟೇ ನಂಬಿ.

ಗಾಳಿಮಳೆಗೆ ಕರೆಂಟ್ ಗಂಟೆಗಟ್ಟಲೆ ಹೋಗುತ್ತದೆ. ಗಾಳಿ ಪಂಪು ಎಳೆಯುವುದು ಕೆಲವೇ ವ್ಯಾಟ್, ಇನ್‌ವರ್ಟರ್ ಲೈನಿಗೆ ಸೇರಿಸಿಬಿಡಿ. ಅದಿಲ್ಲದವರು ಬ್ಯಾಟರಿ ಪಂಪು ಇಟ್ಟುಕೊಳ್ಳಿ. ಅದೂ ಇಲ್ಲವಾದರೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಿ. ಇಡೀ ರಾತ್ರಿ ನಿಂತ ಫಿಲ್ಟರನ್ನು ಹಿಂಡದೆ ಚಾಲೂ ಮಾಡಬೇಡಿ, ಒಳಗಿನ ಕೊಳೆ ಎಲ್ಲ ನೀರಿಗೆ ಬರುತ್ತದೆ.

ಮೇ ತಿಂಗಳ ತೊಂದರೆ ಬೇರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುವುದರಿಂದ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಫ್ಯಾನ್ ತಿರುಗಿಸಿ. ಒಂದೆರಡು ಡಿಗ್ರಿ ಇಳಿಯುತ್ತದೆ. 2019ರಂತೆ ತುಂಬೆ, ಬಜೆ ಎರಡೂ ಕಡೆ ನೀರು ತಳ ಕಂಡು ರೇಷನ್ ಬಂದರೆ ಟ್ಯಾಂಕರ್ ನೀರಿನ ಮೂಲ ದಿನಕ್ಕೊಂದಾಗಿರುತ್ತದೆ. ಅಂಥ ನೀರನ್ನು ಸಲಕ್ಕೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬದಲಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಸೊಳ್ಳೆ ಔಷಧಿ. ಬತ್ತಿ, ಲಿಕ್ವಿಡ್, ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಕಡುವಿಷ, ಗಾಳಿ ಪಂಪು ಅದನ್ನು ಕೋಣೆಯಿಂದ ಎಳೆದು ನೇರ ನೀರಿಗೆ ಊದುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಅವು ಬೇಡ, ಪರದೆ ಕಟ್ಟಿ ಮಲಗಿ. ಮಲೇರಿಯಾ ಕಾಲದಲ್ಲಿ ಬೀದಿಗೆ ಫಾಗಿಂಗ್ ಬಂದರೆ ಕಿಟಕಿ ಮುಚ್ಚಿ, ಪಂಪು ನಿಲ್ಲಿಸಿ, ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿ, ಹೊಗೆ ಪೂರ್ತಿ ಹೋದ ಮೇಲೆ ತೆಗೆಯಿರಿ.

ಹೆಚ್ಚಾದ ಮೀನು

ಗಪ್ಪಿ ಸಾಕಿದ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಮರಿಗಳನ್ನು ಯಾರಿಗೆ ಕೊಡುವುದೆಂಬ ಚಿಂತೆ ಹುಟ್ಟುತ್ತದೆ. ನಿಮ್ಮದೇ ಅಂಗಳದ ಕಟ್ಟೆ ಕಟ್ಟಿದ ಬಾವಿಯ ನೀರು ತೀರಾ ಮೆದುವಲ್ಲದಿದ್ದರೆ, ಅದಕ್ಕೆ ಹತ್ತಿಪ್ಪತ್ತು ಬಿಟ್ಟರೆ ಸೊಳ್ಳೆ ಮರಿ ತಿಂದುಕೊಂಡಿರುತ್ತವೆ. ಉಳಿದವನ್ನು ಅಂಗಡಿಗೆ ಕೊಡಿ, ಸುಮ್ಮನೆ ಕೊಟ್ಟರೆ ಯಾರೂ ಬೇಡ ಎನ್ನುವುದಿಲ್ಲ. ತೋಡು, ಕೆರೆ, ನೇತ್ರಾವತಿ, ಸ್ವರ್ಣೆಗೆ ಮಾತ್ರ ಯಾವ ಮೀನನ್ನೂ ಬಿಡಬೇಡಿ. ಹೀಗೆ ಬಿಟ್ಟ ಟ್ಯಾಂಕ್ ಕ್ಲೀನರ್ ಮೀನು ದೇಶದ ಹಲವು ನದಿ, ಕೆರೆಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ, ಮೀನುಗಾರರ ಬಲೆ ಹರಿಯುತ್ತಿದೆ. ಬೆಳೆದು ದೊಡ್ಡದಾದ ಮೀನನ್ನು ಕೊಂಡ ಅಂಗಡಿಯವರು ಮರಳಿ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.