ಆರು ವರ್ಷ ಕಾಲರ್ ಹೊಲಿದ ಮೇಲೆ ಕಟಿಂಗ್ ಕಲಿತೆ: ನನ್ನ ಅನುಭವ

ಬೆಂಗಳೂರಿನ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಕಾಲರ್ ಹೊಲಿದೆ. ಬರೀ ಕಾಲರ್. ತೋಳು ಕೂಡಿಸುವವರು ಬೇರೆ, ಕಾಜಾ ಹಾಕುವವರು ಬೇರೆ, ಗುಂಡಿ ಹಾಕುವವರು ಬೇರೆ. 2021ರಲ್ಲಿ ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ನಮ್ಮ ಕ್ರಾಸಿನವರೆಲ್ಲ "ನಿನಗೇನಮ್ಮ, ಹೊಲಿಗೆ ಗೊತ್ತು, ಮನೆಯಲ್ಲೇ ಶುರು ಮಾಡು" ಅಂದರು. ಆದರೆ ಒಂದು ಬ್ಲೌಸ್ ಪೀಸ್ ಕೈಗೆ ಕೊಟ್ಟರೆ ಕತ್ತರಿ ಎಲ್ಲಿ ಇಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಲೈನ್‌ನಲ್ಲಿ ಕೆಲಸ ಮಾಡಿದ ಹೆಚ್ಚಿನ ಹೆಣ್ಣುಮಕ್ಕಳ ಕಥೆ ಇದೇ.

ನಾನು ಮಾಡಿದ ದೊಡ್ಡ ತಪ್ಪು, ಕಲಿಯುವುದಕ್ಕೆ ಮೊದಲೇ ಸಾಲ ಮಾಡಿದ್ದು. 2022ರಲ್ಲಿ ಮುದ್ರಾ ಯೋಜನೆಯಲ್ಲಿ 40,000 ತೆಗೆದುಕೊಂಡೆ. ಮುದ್ರಾದಲ್ಲಿ 50,000ದವರೆಗಿನ ಸಾಲಕ್ಕೆ ಶಿಶು ಅಂತ ಹೆಸರು. ಅಡಮಾನ ಏನೂ ಕೇಳುವುದಿಲ್ಲ. ಮಷಿನ್ ಬಂತು, ಮೂಲೆಯಲ್ಲಿ ಕೂತಿತು. ಪಕ್ಕದ ಬೀದಿಯವರೊಬ್ಬರು ರೇಷ್ಮೆ ಸೀರೆಯ ಬ್ಲೌಸ್ ಕೊಟ್ಟರು. ಕಂಕುಳ ಹತ್ತಿರ ಒಂದು ಇಂಚು ಜಾಸ್ತಿ ಕತ್ತರಿಸಿಬಿಟ್ಟೆ. ಸೀರೆಯ ಜೊತೆ ಬಂದ ಬಟ್ಟೆ ಅದು, ಅಂಗಡಿಯಲ್ಲಿ ಹುಡುಕಿದರೆ ಸಿಗುತ್ತದಾ? ಅವರು ಬೈಯಲಿಲ್ಲ. ಆದರೆ ಮತ್ತೆ ಬರಲಿಲ್ಲ. ಕೆಲಸ ನಿಂತುಹೋಯಿತು. ತಿಂಗಳಿಗೆ 1,300ರ ಕಂತು ಮಾತ್ರ ನಿಲ್ಲಲಿಲ್ಲ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ತಿಂಗಳಿಗೆ ಬರುವ ಆ 2,000 ನನಗೆ ಜೀವ ಉಳಿಸಿದ ಹಾಗಾಯಿತು. ಕಂತಿನ ಹಣ ಅಲ್ಲಿಂದಲೇ ಹೋಗುತ್ತಿತ್ತು. ಮೊದಲ ಎರಡು ಸಲ ಹಣ ಬಂದೇ ಇಲ್ಲ ಅಂದುಕೊಂಡು ಅತ್ತಿದ್ದೆ. ನೋಡಿದರೆ ಅದು ಫ್ಯಾಕ್ಟರಿಯ ಹಳೇ ಸಂಬಳದ ಖಾತೆಗೆ ಹೋಗಿತ್ತು. ಸರ್ಕಾರದ ಹಣ ನಾವು ದಿನಾ ಬಳಸುವ ಖಾತೆಗೇ ಬರಬೇಕೆಂದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅದಕ್ಕೆ ಹೋಗುತ್ತದೆ. ಬ್ಯಾಂಕಿಗೆ ಹೋಗಿ ಅದನ್ನು ಬದಲಾಯಿಸಿಕೊಂಡೆ. ಯಾವುದೇ ಅರ್ಜಿ ಹಾಕುವ ಮೊದಲು ಇದೊಂದನ್ನು ನೋಡಿಕೊಳ್ಳಿ.

2024ರಲ್ಲಿ ಮಗಳಿಗೆ ಮೂರು ತುಂಬಿತು, ಅಂಗನವಾಡಿಗೆ ಸೇರಿಸಿದೆ. ಆಗ ಕೈಗೆ ಸ್ವಲ್ಪ ಹೊತ್ತು ಸಿಕ್ಕಿತು. ಕೇಂದ್ರದ ಕೌಶಲ ಯೋಜನೆಯಡಿ ಮೂರು ತಿಂಗಳ ಟೈಲರಿಂಗ್ ತರಬೇತಿಗೆ ಸೇರಿದೆ. ಫೀಸು ಇಲ್ಲ. ನಾವಿರುವ ಲಗ್ಗೆರೆಯಿಂದ ಎರಡು ಬಸ್ ಬದಲಾಯಿಸಬೇಕಿತ್ತು. ಶಕ್ತಿ ಯೋಜನೆ ಇಲ್ಲದಿದ್ದರೆ ದಿನಾ ಬಸ್ ಚಾರ್ಜ್ ಕೊಟ್ಟು ಹೋಗುವ ಧೈರ್ಯ ನನಗೆ ಬರುತ್ತಿರಲಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಇದೇ ಮಾತು ಹೇಳುತ್ತಿದ್ದರು.

ಮೊದಲ ಎರಡು ವಾರ ನಮಗೆ ಬಟ್ಟೆಯನ್ನೇ ಕೊಡಲಿಲ್ಲ. ಹಳೇ ನ್ಯೂಸ್‌ಪೇಪರ್ ಮೇಲೆ ಅಳತೆ ಹಾಕಿ ಕತ್ತರಿಸುವುದು, ಅಷ್ಟೇ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸುವುದು, ಹೊಲಿಗೆಗೆ ಎಷ್ಟು ಬಿಡಬೇಕು, ಡಾರ್ಟ್ (ಮೈಗೆ ಕೂರಲು ಹಾಕುವ ಮಡಿಕೆ) ಎಲ್ಲಿಂದ ಎಲ್ಲಿಗೆ, ಮುಂದಿನ ಕತ್ತು ಎಷ್ಟು ಆಳ. ಟೀಚರ್ ಒಂದು ಮಾತು ಹೇಳುತ್ತಿದ್ದರು: ಹಳೇ ಬ್ಲೌಸ್ ಕೊಟ್ಟು ಇದರ ಹಾಗೇ ಹೊಲಿ ಅಂದರೂ ಮೈ ಅಳತೆ ತೆಗೆದುಕೊಳ್ಳಿ, ಆ ಬ್ಲೌಸ್ ಹೊಲಿಸಿದ ಮೇಲೆ ಮೈ ಬದಲಾಗಿರುತ್ತದೆ. ನಿಜ. ಈಗಲೂ ಹಾಗೇ ಮಾಡುತ್ತೇನೆ. ಕೊನೆಗೆ ಪರೀಕ್ಷೆ ಇತ್ತು, ಸರ್ಟಿಫಿಕೇಟ್ ಬಂತು. ಆದರೆ ನನಗೆ ಸರ್ಟಿಫಿಕೇಟ್‌ಗಿಂತ ಆ ಎರಡು ವಾರದ ಪೇಪರ್ ಕಟಿಂಗ್ ದೊಡ್ಡದು.

ತರಬೇತಿ ಮುಗಿಯುವ ಹೊತ್ತಿಗೆ ಪಿಎಂ ವಿಶ್ವಕರ್ಮ ಯೋಜನೆಯ ವಿಷಯ ಗೊತ್ತಾಯಿತು. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ಭತ್ಯೆ, ಉಪಕರಣಕ್ಕೆ 15,000, ಆಮೇಲೆ 1 ಲಕ್ಷದವರೆಗೆ 5 ಪರ್ಸೆಂಟ್ ಬಡ್ಡಿಯ ಸಾಲ. ನೋಂದಣಿಗೆ ಸೇವಾ ಕೇಂದ್ರಕ್ಕೆ ಓಡಿದೆ. ಅಲ್ಲಿ ನನ್ನ ಹಳೇ ಮುದ್ರಾ ಸಾಲ ಅಡ್ಡ ಬಂತು. ಕಳೆದ 5 ವರ್ಷದಲ್ಲಿ ಮುದ್ರಾ ಸಾಲ ತೆಗೆದುಕೊಂಡವರು ಅದನ್ನು ಪೂರ್ತಿ ತೀರಿಸಿರಬೇಕು. ಇಲ್ಲದಿದ್ದರೆ ವಿಶ್ವಕರ್ಮ ಸಿಗುವುದಿಲ್ಲ. ಒಂದು ಮನೆಗೆ ಒಬ್ಬರಿಗೇ ಅನ್ನುವ ನಿಯಮವೂ ಇದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಮನೆ. ಯಾವ ಯೋಜನೆಗೆ ಮೊದಲು ಕೈ ಹಾಕಬೇಕು ಅನ್ನುವುದು ಎಷ್ಟು ಮುಖ್ಯ ಅಂತ ಆ ದಿನ ಅರ್ಥವಾಯಿತು. ಎರಡು ವರ್ಷ ಮೊದಲು ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಮುದ್ರಾ ಸಾಲದಲ್ಲಿ ಇನ್ನೂ 14,000 ಬಾಕಿ ಇತ್ತು. ಎಲ್ಲಿಂದ ತರುವುದು? ಸಂಘದವರು ಸಾಲ ಕೊಡುತ್ತೇವೆ ಅಂತ ಮನೆಗೇ ಬಂದರು. ಬಡ್ಡಿ ಕೇಳಿ ಬೇಡ ಅಂದೆ. ಆಗ ನೆನಪಾದದ್ದು ಫ್ಯಾಕ್ಟರಿಯಲ್ಲಿ ಸಂಬಳದಿಂದ ಹಿಡಿದಿದ್ದ ಪಿಎಫ್. ಮೂರು ವರ್ಷದಿಂದ ಅದನ್ನು ಮುಟ್ಟಿಯೇ ಇರಲಿಲ್ಲ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಪಿಎಫ್‌ನಲ್ಲಿ ಗಂಡನ ಹೆಸರು. ಅದು ಸರಿಯಾಗಲು ಒಂದೂವರೆ ತಿಂಗಳು ಬೇಕಾಯಿತು. ಆಮೇಲೆ ಹಣ ಬಂತು. ಇಲ್ಲಿ ಒಂದು ವಿಷಯ ಖಂಡಿತ ಹೇಳಬೇಕು. ಪಿಎಫ್ ಹಣಕ್ಕೆ ಫಾರಂ 19, ಪೆನ್ಷನ್ ಪಾಲಿಗೆ ಫಾರಂ 10ಸಿ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ 19 ಮಾತ್ರ ಹಾಕಿ ಸುಮ್ಮನಾಗಿದ್ದಾರೆ. ಪೆನ್ಷನ್ ಪಾಲೂ ನಮ್ಮದೇ ದುಡ್ಡು, ಅಲ್ವಾ? ನನ್ನ ಹಾಗೆ ಹತ್ತು ವರ್ಷಕ್ಕಿಂತ ಕಡಿಮೆ ಕೆಲಸ ಮಾಡಿ ಬಿಟ್ಟವರಿಗೆ ಅದನ್ನೂ ತೆಗೆಯುವ ಅವಕಾಶ ಇತ್ತು. ಎರಡನ್ನೂ ಹಾಕಿದೆ, ಎರಡೂ ಬಂದವು.

ಮುದ್ರಾ ಸಾಲ ತೀರಿಸಿ ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡೆ. ನೋಂದಣಿ ಆಯಿತು. ನಡುವೆ ಒಬ್ಬ ಬಂದು 2,500 ಕೊಟ್ಟರೆ ಬೇಗ ಮಾಡಿಸುತ್ತೇನೆ ಅಂದ. ಕೊಡಲಿಲ್ಲ. ವಿಶ್ವಕರ್ಮ ನೋಂದಣಿಗೆ ದುಡ್ಡು ಇಲ್ಲ. ಅರ್ಜಿ ಮೂರು ಹಂತದಲ್ಲಿ ಪರಿಶೀಲನೆ ಆಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿದವು. ಕಾಯುವಾಗ ಸೀರೆಗೆ ಫಾಲ್ಸ್, ಕುಚ್ಚು ಹಾಕುತ್ತಿದ್ದೆ. ಕುಚ್ಚಿಗೆ ಮಷಿನ್ ಬೇಡ, ಮಗಳು ಮಲಗಿದ ಮೇಲೆ ಕೂತು ಮಾಡಬಹುದು.

ಸಾಲ ಮಂಜೂರಾದಾಗ ಪೂರ್ತಿ ಲಕ್ಷ ತೆಗೆದುಕೊಳ್ಳಲಿಲ್ಲ. ಒಂದು ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು ಅಂದರೆ ತಿಂಗಳಿಗೆ ಸುಮಾರು 5,800. ನನಗೆ ಅದು ಭಾರ. 60,000 ತೆಗೆದುಕೊಂಡೆ, ಕಂತು 3,500ರ ಹತ್ತಿರ. ಲೈನಿಂಗ್ ಬ್ಲೌಸ್‌ಗೆ ನಾನು 350 ತೆಗೆದುಕೊಳ್ಳುತ್ತೇನೆ. ಹತ್ತು ಬ್ಲೌಸ್ ಹೊಲಿದರೆ ಆ ತಿಂಗಳ ಕಂತು ಆಯಿತು. ಲೈನಿಂಗ್, ದಾರದ ಖರ್ಚಿಗೆ ಇನ್ನೆರಡು ಮೂರು. ಈ ಲೆಕ್ಕ ಮೊದಲೇ ಹಾಕಿ ಬ್ಯಾಂಕಿಗೆ ಹೋಗಿದ್ದೆ. ಆ ಹಣದಲ್ಲಿ ಪವರ್ ಮಷಿನ್, ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮಷಿನ್ ಬಂದವು. ಓವರ್‌ಲಾಕ್ ಬಂದ ಮೇಲೆ ಚೂಡಿದಾರ್ ಕೆಲಸ ಜಾಸ್ತಿಯಾಯಿತು.

ಎಲ್ಲರಿಗೂ ಇದೇ ದಾರಿ ಅಂತಲ್ಲ. ನಮ್ಮ ಮೇಲಿನ ಮನೆಯ ಅಕ್ಕನಿಗೆ ಗಂಡ ಇಲ್ಲ. ಅವರಿಗೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಸಾಲ ಯೋಜನೆ ಸರಿಹೋಯಿತು. ಅದರಲ್ಲಿ ಸಾಮಾನ್ಯ ವರ್ಗದ ಮನೆಯ ವರ್ಷದ ಆದಾಯ ಒಂದೂವರೆ ಲಕ್ಷ ಮೀರಬಾರದು. ವಿಧವೆಯರಿಗೂ ಅಂಗವಿಕಲ ಮಹಿಳೆಯರಿಗೂ ಆ ಮಿತಿ ಇಲ್ಲ. ಅವರಿಗೆ ಸಾಲದ 30 ಪರ್ಸೆಂಟ್, ಅಂದರೆ ಹೆಚ್ಚೆಂದರೆ 90,000 ಸಹಾಯಧನ. ಪರಿಶಿಷ್ಟ ಜಾತಿ, ಪಂಗಡದವರಿಗೆ 50 ಪರ್ಸೆಂಟ್. ನಾನೇ ಅವರ ಜೊತೆ ಹೋಗಿ ಅರ್ಜಿ ಹಾಕಿಸಿದೆ. ಜಾತಿ, ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ. ಈಗ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ.

ನನ್ನ ಕಂತು ಒಂದೂ ತಪ್ಪಿಲ್ಲ. ಮೊದಲ ಸಾಲ ಸರಿಯಾಗಿ ಕಟ್ಟಿ, ಫೋನ್‌ನಲ್ಲಿ ಹಣ ಪಡೆಯುವ ಅಭ್ಯಾಸ ಇದ್ದವರಿಗೆ 2 ಲಕ್ಷದವರೆಗೆ ಎರಡನೇ ಸಾಲ ಇದೆ. ಅದಕ್ಕೇ ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಿದ್ದೇನೆ. ಆದರೆ ಈಗಲೇ ತೆಗೆದುಕೊಳ್ಳುವ ಯೋಚನೆ ಇಲ್ಲ. ಮೊದಲು ಪ್ರಿನ್ಸೆಸ್ ಕಟ್ ಬ್ಲೌಸ್ ಕತ್ತರಿಸುವುದು ಕೈಗೆ ಕೂರಬೇಕು.

ಭಾನುವಾರ ಹಳೇ ಫ್ಯಾಕ್ಟರಿಯ ಇಬ್ಬರು ಮನೆಗೆ ಬರುತ್ತಾರೆ. ಒಬ್ಬರು ತೋಳು ಕೂಡಿಸುವವರು, ಒಬ್ಬರು ಕಾಜಾದವರು. ಬರುವಾಗ ವಾರದ ನ್ಯೂಸ್‌ಪೇಪರ್ ತರುತ್ತಾರೆ. ನೆಲದ ಮೇಲೆ ಹರಡಿ, ಸ್ಕೇಲ್ ಇಟ್ಟು, ಎದೆ ಸುತ್ತಳತೆಯಿಂದ ಶುರು ಮಾಡುತ್ತೇವೆ.